ತೋಟದಂಚಿನ ಹಳೇ ಚರ್ಚು: ಕೆಫೆಗೆ ಜಾಸ್ತಿ ಅಂಕ ಬಂದರೆ ಕೆಫೆ ಮಾಡಬೇಕೇ?

ಪ್ರಶ್ನೆ: ದಕ್ಷಿಣ ಕೊಡಗಿನಲ್ಲಿ ನಮ್ಮ ಕಾಫಿ ತೋಟದ ಅಂಚಿಗೆ ಬ್ರಿಟಿಷರ ಕಾಲದ ಒಂದು ಸಣ್ಣ ಚರ್ಚ್ ಇದೆ. ಅಲ್ಲಿ ಆರಾಧನೆ ನಿಂತು ಬಹಳ ವರ್ಷಗಳಾದವು. ಸುತ್ತ ಒಂದಷ್ಟು ಸಮಾಧಿಗಳಿವೆ. ಹೆಂಚು ಒಡೆದಿದೆ, ಒಂದು ಗೋಡೆಗೆ ಪಾಚಿ ಹತ್ತಿದೆ. ಊರಿನವರು ಸೇರಿ ಒಂದು ಸಮಿತಿ ಮಾಡಿಕೊಂಡಿದ್ದೇವೆ. ಹೋಂಸ್ಟೇ ಮಾಡೋಣ ಎನ್ನುವವರಿದ್ದಾರೆ, ಕೆಫೆ ಎನ್ನುವವರಿದ್ದಾರೆ, ಲೈಬ್ರರಿ ಎನ್ನುವವರೂ ಇದ್ದಾರೆ. ಇಬ್ಬರು ಹಿರಿಯರು ಮಾತ್ರ ಹಾಗೇ ಬಿಡಿ ಎನ್ನುತ್ತಾರೆ. ಸಮಿತಿಯ ಒಬ್ಬ ಯುವಕ ಕಂಪ್ಯೂಟರಿನಲ್ಲಿ ಅಂಕಪಟ್ಟಿ ಮಾಡಿದ. ಕೆಫೆಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂತು. ಇಂಥ ಲೆಕ್ಕವನ್ನು ನಂಬಬಹುದೇ? ಬಳಕೆ ತಪ್ಪಿದ ಧಾರ್ಮಿಕ ಕಟ್ಟಡಕ್ಕೆ ಹೊಸ ಬಳಕೆ ಕೊಡುವಾಗ ಯಾವುದನ್ನು ನೋಡಿ ತೀರ್ಮಾನ ಮಾಡಬೇಕು?

ಉತ್ತರ: ಅಂಕಪಟ್ಟಿ ಮಾಡಿದ ಹುಡುಗನನ್ನು ಬೈಯಬೇಡಿ. ಬಾಯಿಮಾತಿನ ಜಗಳವನ್ನು ಕಾಗದದ ಮೇಲೆ ತಂದದ್ದೇ ದೊಡ್ಡ ಕೆಲಸ. ಆದರೆ ಅಂಕ ಕೂಡುವ ಕೆಲಸ ಕೊನೆಯಲ್ಲಿ ಬರಬೇಕಿತ್ತು, ನಿಮ್ಮಲ್ಲಿ ಮೊದಲೇ ಬಂದುಬಿಟ್ಟಿದೆ. ಕೆಲವು ಪ್ರಶ್ನೆಗಳಿಗೆ ಹತ್ತರಲ್ಲಿ ಇಷ್ಟು ಅಂತ ಅಂಕ ಕೊಡೋಕೆ ಆಗುವುದಿಲ್ಲ. ಅವಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಮಾತ್ರ. ಅವುಗಳಲ್ಲಿ ಒಂದು ಕಡೆ 'ಇಲ್ಲ' ಬಂದರೂ ಆ ಯೋಜನೆ ಅಲ್ಲಿಗೇ ಮುಗಿಯಿತು. ಉಳಿದ ಕಡೆ ನೂರಕ್ಕೆ ನೂರು ಬಂದರೂ ಅಷ್ಟೇ.

ಮೊದಲ ಪ್ರಶ್ನೆ ಸುಲಭದ್ದು ಅನ್ನಿಸುತ್ತದೆ. ಈ ಕಟ್ಟಡದ ಬಳಕೆ ನಿಜವಾಗಿಯೂ ನಿಂತಿದೆಯೇ? ಕೊಡಗಿನಲ್ಲಿ ಇದಕ್ಕೆ ಉತ್ತರ ಹೇಳುವುದು ಹೊರಗಿನವರು ಅಂದುಕೊಂಡಷ್ಟು ಸುಲಭವಲ್ಲ. ಐನ್‌ಮನೆಯ ಪಕ್ಕದ ಕೈಮಡವನ್ನೇ, ಅಂದರೆ ಕೊಡವರ ಮೂಲಮನೆಯ ಹತ್ತಿರ ಹಿರಿಯರಿಗೆ ಕಟ್ಟಿದ ಸಣ್ಣ ಗುಡಿಯನ್ನೇ ತೆಗೆದುಕೊಳ್ಳಿ. ವರ್ಷದ ಹೆಚ್ಚಿನ ದಿನ ಅಲ್ಲಿ ಯಾರೂ ಇರುವುದಿಲ್ಲ. ಒಕ್ಕದವರೆಲ್ಲ, ಅಂದರೆ ಆ ಮನೆತನದವರೆಲ್ಲ ಬೆಂಗಳೂರು, ಮೈಸೂರಲ್ಲಿದ್ದಾರೆ. ಮನೆತನದ ಮೂಲಪುರುಷರಾದ ಗುರುಕಾರೋಣರಿಗೆ ಎಡೆ ಇಡುವ ದಿನ ಮಾತ್ರ ಎಲ್ಲರೂ ಬರುತ್ತಾರೆ. ಎಷ್ಟು ಜನ ಬರುತ್ತಾರೆ ಎಂದು ಬಾಗಿಲಲ್ಲಿ ನಿಂತು ಎಣಿಸಿದರೆ ಕೈಮಡ 'ಪಾಳು ಕಟ್ಟಡ' ಅಂತಲೇ ಲೆಕ್ಕಕ್ಕೆ ಬರುತ್ತದೆ. ಆದರೆ ಅದನ್ನು ಬಾಡಿಗೆಗೆ ಕೊಡುತ್ತೇನೆ ಎಂದು ಯಾವ ಕೊಡವನಾದರೂ ಹೇಳುತ್ತಾನಾ? ದೇವರಕಾಡುಗಳ ಮಾತೂ ಇದೇ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳ ದಾಖಲೆ ಇದೆ. ಎಷ್ಟೋ ಕಡೆ ಒಳಗೆ ಒಂದು ಕಲ್ಲು, ಒಂದು ಸಣ್ಣ ಗುಡಿ, ವರ್ಷಕ್ಕೊಂದು ಹಬ್ಬ. ಅಲ್ಲಿ ದೇವರ ಜಾಗ ಎಂದರೆ ಇಡೀ ಕಾಡು, ಗುಡಿ ಅದರಲ್ಲಿ ಒಂದು ಭಾಗ ಅಷ್ಟೇ. ಜನ ಬಾರದ್ದಕ್ಕೂ ಬಳಕೆ ತಪ್ಪಿದ್ದಕ್ಕೂ ನಂಟು ಕಡಿಮೆ.

ನಿಮ್ಮ ಚರ್ಚಿಗೂ ಇದೇ ಪ್ರಶ್ನೆ ಹಾಕಿ. ಆರಾಧನೆ ನಿಂತಿದೆ, ಸರಿ. ಸತ್ತವರ ದಿನ ನವೆಂಬರಿನಲ್ಲಿ ಯಾರಾದರೂ ಬಂದು ಸಮಾಧಿಗೆ ಮೇಣದಬತ್ತಿ ಹಚ್ಚುತ್ತಾರಾ? ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಇರುವವರಲ್ಲಿ ಯಾರ ಮನೆಯ ಮಗುವಿಗಾದರೂ ಅಲ್ಲಿ ದೀಕ್ಷಾಸ್ನಾನ ಆಗಿತ್ತಾ? ಕೊಡಗಿನಲ್ಲಿ ಐರೋಪ್ಯರ ಕಾಫಿ ತೋಟಗಳು ಶುರುವಾದದ್ದು 1850ರ ದಶಕದಲ್ಲಿ. ತೋಟದ ಚರ್ಚ್ ಎಂದರೆ ದೊರೆಗಳದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದೊರೆಗಳು ಊರಿಗೆ ಹೋದ ಮೇಲೆ ಅದರ ಬಾಗಿಲು ತೆಗೆದು, ಕಸ ಗುಡಿಸಿ, ಗಂಟೆ ಹೊಡೆದವರು ತೋಟದ ಕೆಲಸಗಾರರೇ ಇದ್ದಿರಬಹುದು. ನಿಮ್ಮ ಪತ್ರದಲ್ಲಿ ಸಮಿತಿಯ ಮಾತಿದೆ, ಹಿರಿಯರ ಮಾತಿದೆ, ಲೈನಿನವರ ಮಾತಿಲ್ಲ. ಅವರನ್ನು ಸಭೆಗೆ ಕರೆದರೆ ಸಾಲದು, ಮಾಲೀಕರ ಎದುರು ಅವರು ಬಾಯಿ ಬಿಡುವುದಿಲ್ಲ. ಸಂಜೆ ಅವರ ಮನೆಬಾಗಿಲಿಗೆ ಹೋಗಿ ಕೇಳಿ. ಹಾಗೇ ಬಿಡಿ ಎಂದ ಆ ಇಬ್ಬರು ಹಿರಿಯರು ಏಕೆ ಹಾಗೆ ಹೇಳಿದರು ಎಂಬುದನ್ನೂ ಬರೆದಿಟ್ಟುಕೊಳ್ಳಿ. 'ಹಳೇ ಕಾಲದವರು' ಎಂದು ಪಕ್ಕಕ್ಕೆ ಸರಿಸಬೇಡಿ.

ಎರಡನೆಯದು, ಕಟ್ಟಡ ಯಾರದ್ದು? ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದು ನನಗಿಂತ ವಕೀಲರ ಕೆಲಸ. ಜಾಗ ತೋಟದ ಪಹಣಿಯಲ್ಲಿ ಇರಬಹುದು, ಕಟ್ಟಡ ಕ್ರೈಸ್ತ ಸಭೆಯ ಟ್ರಸ್ಟಿನದ್ದಾಗಿರಬಹುದು. ದಕ್ಷಿಣ ಭಾರತದ ಆಂಗ್ಲಿಕನ್ ಚರ್ಚುಗಳು 1947ರ ಸೆಪ್ಟೆಂಬರ್ 27ರಂದು ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಸಿಎಸ್‌ಐ ಸಭೆಯಲ್ಲಿ ಸೇರಿದವು. ಹಾಗಾಗಿ ಧರ್ಮಪ್ರಾಂತ್ಯದ ಕಚೇರಿಯಲ್ಲಿ ಕೇಳದೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಕಟ್ಟಡವನ್ನು ಆರಾಧನೆಯಿಂದ ಬಿಡುಗಡೆ ಮಾಡುವ ವಿಧಿ ಇದ್ದರೆ ಅದನ್ನು ಬಿಷಪ್ ಮೂಲಕವೇ ಮಾಡಿಸಬೇಕು. ಕ್ಯಾಥೊಲಿಕರದ್ದಾದರೆ ಅವರ ಸಭಾ ಕಾನೂನಿನ 1222ನೇ ವಿಧಿ ಇದೆ. ಚರ್ಚನ್ನು ಲೌಕಿಕ ಬಳಕೆಗೆ ಕೊಡಬಹುದು, ಆದರೆ ಹೀನ ಬಳಕೆಗೆ ಕೊಡಬಾರದು ಎನ್ನುತ್ತದೆ ಅದು. ಬಾರ್ ಮಾಡುವ ಆಸೆ ಯಾರಿಗಾದರೂ ಒಳಗೊಳಗೇ ಇದ್ದರೆ ಈಗಲೇ ಬಿಡಲಿ.

ಇನ್ನು 1991ರ ಪೂಜಾಸ್ಥಳಗಳ ಕಾಯ್ದೆ. 1947ರ ಆಗಸ್ಟ್ 15ರಂದು ಒಂದು ಪೂಜಾಸ್ಥಳಕ್ಕೆ ಇದ್ದ ಧಾರ್ಮಿಕ ಸ್ವರೂಪವೇ ಮುಂದುವರಿಯಬೇಕು ಎನ್ನುತ್ತದೆ ಆ ಕಾನೂನು. ಒಂದು ಧರ್ಮದ ಪೂಜಾಸ್ಥಳವನ್ನು ಇನ್ನೊಂದರದ್ದಾಗಿ ಬದಲಿಸುವಂತಿಲ್ಲ. ನಿಮ್ಮ ಯೋಜನೆಯಲ್ಲಿ ಅದಿಲ್ಲ, ನಿಜ. ಆದರೂ ವಕೀಲರಿಂದ ಬರವಣಿಗೆಯಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ಕಟ್ಟಡ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕವಾಗಿದ್ದರೆ ಮಾತೇ ಬೇರೆ. 1958ರ ಸ್ಮಾರಕ ಕಾಯ್ದೆಯ 16ನೇ ಕಲಂ ಪ್ರಕಾರ, ಕೇಂದ್ರ ಸರ್ಕಾರ ನೋಡಿಕೊಳ್ಳುವ ರಕ್ಷಿತ ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಒಗ್ಗದ ಕೆಲಸಕ್ಕೆ ಬಳಸುವಂತಿಲ್ಲ. ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಗೆ ಇನ್ನೂ 200 ಮೀಟರ್ ಅನುಮತಿ ಬೇಕು. ಶನಿವಾರಸಂತೆ ಕಡೆಯ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ, 11ನೇ ಶತಮಾನದ ಮೂರು ಬಸದಿಗಳಿವೆ, ನೋಡಿರುತ್ತೀರಿ. ಅಲ್ಲಿ 'ಹೊಸ ಬಳಕೆ ಏನು?' ಎಂಬ ಪ್ರಶ್ನೆಯೇ ಬೇಕಿಲ್ಲ. ಬಸದಿ ಬಸದಿಯಾಗಿ ನಿಂತಿರುವುದೇ ಅದರ ಬಳಕೆ. ಸುಮ್ನೆ ಬಿಡುವುದು ಕೂಡ ಒಂದು ಆಯ್ಕೆ ಎಂದು ನಿಮ್ಮ ಅಂಕಪಟ್ಟಿಯಲ್ಲಿ ಒಂದು ಸಾಲು ಸೇರಿಸಿ. ಸುಮ್ನೆ ಬಿಡುವುದಕ್ಕೂ ಖರ್ಚಿದೆ, ಅದನ್ನೂ ಬರೆಯಿರಿ.

ಈಗ ಮಡಿಕೇರಿಗೆ ಬರೋಣ. ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚ್ ನಿಮ್ಮ ಪ್ರಶ್ನೆಗೆ ಅತಿ ಹತ್ತಿರದ ಉದಾಹರಣೆ. 1850ರ ದಶಕದಲ್ಲಿ ಇಂಗ್ಲಿಷರಿಗಾಗಿ ಎದ್ದ ಕಟ್ಟಡ. ಗಾಥಿಕ್ ಶೈಲಿ, ಬಣ್ಣದ ಗಾಜಿನ ಕಿಟಕಿಗಳು. ಸ್ವಾತಂತ್ರ್ಯದ ನಂತರ ಆರಾಧನೆ ನಿಂತಿತು. 1970ರ ದಶಕದ ಆರಂಭದಲ್ಲಿ ರಾಜ್ಯ ಪುರಾತತ್ವ ಇಲಾಖೆಯ ಕೈಗೆ ಬಂದು, ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಕೊಡಗಿನ ಸುತ್ತಮುತ್ತ ಸಿಕ್ಕ ವಿಗ್ರಹ, ಆಯುಧಗಳೆಲ್ಲ ಅಲ್ಲಿವೆ.

ಈ ಬದಲಾವಣೆಗೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ಚರ್ಚಿನ ಒಳಗೆ ಏನಿರುತ್ತದೆ? ಒಂದೇ ಒಂದು ಉದ್ದನೆಯ, ಎತ್ತರದ ಜಾಗ. ವಸ್ತುಸಂಗ್ರಹಾಲಯಕ್ಕೂ ಅಂಥದ್ದೇ ಬೇಕು. ಅಡ್ಡಗೋಡೆ ಕಟ್ಟಬೇಕಿಲ್ಲ, ಅಡುಗೆಮನೆ ಬೇಡ, ಬಚ್ಚಲು ಬೇಡ. ಪೆಟ್ಟಿಗೆಗಳನ್ನು ನೆಲದ ಮೇಲೆ ಇಟ್ಟರೆ ಆಯಿತು. ನಾಳೆ ಬೇಡ ಅನ್ನಿಸಿದರೆ ಎತ್ತಿ ಹೊರಗಿಟ್ಟರೂ ಗೋಡೆಗೆ ಗೀರು ಬಿದ್ದಿರುವುದಿಲ್ಲ. ಒಳಗೆ ಕಾಲಿಟ್ಟವರಿಗೆ ಇದು ಚರ್ಚ್ ಆಗಿತ್ತು ಎಂದು ಯಾರೂ ಹೇಳಬೇಕಿಲ್ಲ, ಕಮಾನುಗಳೇ ಹೇಳುತ್ತವೆ. ಹೊಸ ಬಳಕೆ ಹಳೆಯದನ್ನು ಮುಚ್ಚಿಲ್ಲ.

ಕಷ್ಟವೂ ಇದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜುಲೈ, ಆಗಸ್ಟಿನಲ್ಲಿ ಗಾಳಿಯ ತೇವ ಶೇಕಡಾ 90 ದಾಟುತ್ತದೆ. ಕಲ್ಲಿನ ವಿಗ್ರಹಕ್ಕೆ ಅದರಿಂದ ದೊಡ್ಡ ತೊಂದರೆ ಇಲ್ಲ. ಕಬ್ಬಿಣದ ಕತ್ತಿ, ಬಂದೂಕಿಗೆ ಇದೆ. ಬಟ್ಟೆ, ಕಾಗದಕ್ಕಂತೂ ಇನ್ನೂ ಜಾಸ್ತಿ. ತೇವ ಶೇಕಡಾ 65-70 ದಾಟಿತೆಂದರೆ ಬೂಷ್ಟು ಹಿಡಿಯಲು ಶುರು. ಎತ್ತರದ ಚಾವಣಿಯ ಹಳೇ ಕಟ್ಟಡದಲ್ಲಿ ಅಷ್ಟೂ ಗಾಳಿಯನ್ನು ಯಂತ್ರದಿಂದ ಒಣಗಿಸುತ್ತೇನೆ ಎಂದರೆ ಕರೆಂಟ್ ಬಿಲ್ಲು ಕಟ್ಟಿ ಮುಗಿಯುವುದಿಲ್ಲ. ಅದಕ್ಕೇ ನಾನು ಮ್ಯೂಸಿಯಂ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳುವುದಿಲ್ಲ. ಯಾವ ವಸ್ತುಗಳ ಮ್ಯೂಸಿಯಂ ಅಂತ ಕೇಳುತ್ತೇನೆ. ಲೈಬ್ರರಿಗೂ ಅದೇ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಸೇಂಟ್ ಮಾರ್ಕ್ಸ್ ಬಗ್ಗೆ ಇನ್ನೊಂದು ಸಂಗತಿ ಬಿಡುವಂತಿಲ್ಲ. ಆ ಚರ್ಚ್ ಏಳುವ ಮೊದಲು ಆ ಜಾಗದಲ್ಲಿ ವೀರಭದ್ರನ ಗುಡಿ ಇತ್ತು, ಅದನ್ನು ತೆಗೆದು ಚರ್ಚ್ ಕಟ್ಟಿದರು ಎನ್ನುತ್ತವೆ ಹಳೆಯ ದಾಖಲೆಗಳು. ಕೋಟೆಯದ್ದೂ ಅಂಥದ್ದೇ ಕಥೆ. ಮುದ್ದುರಾಜನ ಮಣ್ಣಿನ ಕೋಟೆ, ಟಿಪ್ಪುವಿನ ಕಲ್ಲಿನ ಕೋಟೆ, ಆಮೇಲೆ ಕೊಡಗಿನ ಹಾಲೇರಿ ಅರಸರ ಅರಮನೆ, ಕೊಡಗು ಇಂಗ್ಲಿಷರ ಕೈಗೆ ಹೋದ 1834ರ ನಂತರ ಅವರ ಕಚೇರಿ. ಈಗ ಅದೇ ಆವರಣದಲ್ಲಿ ಕೋಟೆ ಗಣಪತಿಗೆ ದಿನವೂ ಪೂಜೆ ನಡೆಯುತ್ತದೆ. ಮೌಲ್ಯಮಾಪನ ಮಾಡುವವರು ಇದರಲ್ಲಿ ತಮಗೆ ಇಷ್ಟವಾದ ಒಂದು ಪದರ ಆರಿಸಿಕೊಂಡು ಉಳಿದದ್ದನ್ನು ಬಿಟ್ಟರೆ ಅದು ಮೌಲ್ಯಮಾಪನವೇ ಅಲ್ಲ. ನಿಮ್ಮ ಚರ್ಚಿನ ಜಾಗದಲ್ಲೂ ಮೊದಲು ಏನಿತ್ತು ಎಂದು ಹಿರಿಯರನ್ನು ಕೇಳಿ. ಏನೂ ಇರಲಿಲ್ಲ ಎಂದರೆ ಅದನ್ನೂ ಬರೆದಿಡಿ. ಅದು ಇದ್ದ ಜಾಗ, ಇದು ಇದ್ದ ಜಾಗ ಅಂತ ನಾಳೆ ಯಾರೋ ಎದ್ದರೆ ಆ ಕಾಗದ ನಿಮ್ಮನ್ನು ಉಳಿಸುತ್ತದೆ.

ಹೊರಗಿನ ಉದಾಹರಣೆಗಳನ್ನೂ ಸ್ವಲ್ಪ ನೋಡೋಣ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಊರಿನಲ್ಲಿ 13ನೇ ಶತಮಾನದ ಡೊಮಿನಿಕನ್ ಚರ್ಚ್ ಒಂದಿದೆ. 1794ರಲ್ಲಿ ಫ್ರೆಂಚರು ಊರು ಹಿಡಿದ ಮೇಲೆ ಆರಾಧನೆ ತಪ್ಪಿತು. ಆಮೇಲೆ ಗೋದಾಮಾಯಿತು, ಸೈಕಲ್ ನಿಲ್ಲಿಸುವ ಜಾಗವೂ ಆಯಿತು. ಈ ಶತಮಾನದ ಮೊದಲ ದಶಕದಲ್ಲಿ ಪುಸ್ತಕದಂಗಡಿ ಆಯಿತು. ನೆಲದ ಜಾಗ ವ್ಯಾಪಾರಕ್ಕೆ ಸಾಲದಾದಾಗ ಒಳಗೆ ಒಂದು ದೊಡ್ಡ ಉಕ್ಕಿನ ಅಟ್ಟ ಎಬ್ಬಿಸಿದರು. ಅದು ತನ್ನ ಕಾಲ ಮೇಲೆ ನಿಂತಿದೆ, ಚರ್ಚಿನ ಗೋಡೆಗೆ ಭಾರ ಹಾಕುವುದಿಲ್ಲ. ಜಗತ್ತಿನ ಚೆಂದದ ಪುಸ್ತಕದಂಗಡಿ ಎಂದು ಅದರ ಫೋಟೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಅದನ್ನು ನೋಡಿಯೇ ಎಷ್ಟೋ ಸಮಿತಿಗಳು ಮನಸ್ಸು ಕೆಡಿಸಿಕೊಳ್ಳುತ್ತವೆ ಎಂಬುದು ನನ್ನ ಅನುಮಾನ. ಅದು ದೊಡ್ಡ ಊರಿನ ನಡುಮಧ್ಯೆ ಇದೆ, ಬಾಗಿಲ ಮುಂದೆಯೇ ಜನ ಓಡಾಡುತ್ತಾರೆ. ಶೌಚಾಲಯ, ಉಗ್ರಾಣಕ್ಕೆ ಅಲ್ಲಿ ನೆಲದಡಿಯನ್ನೇ ಅಗೆದರು. ನಿಮ್ಮಲ್ಲಿ ಸಮಾಧಿಗಳ ನಡುವೆ, ಮಳೆಗಾಲದಲ್ಲಿ ಕಾಲಿಟ್ಟಲ್ಲಿ ನೀರು ಜಿನುಗುವ ನೆಲದಲ್ಲಿ ಹಾಗೆ ಅಗೆಯೋಕೆ ಆಗುತ್ತಾ? ಅಲ್ಲಿಂದ ಕಲಿಯಬೇಕಾದದ್ದು ಒಂದೇ. ಹೊಸದನ್ನು ಹಳೆಯದಕ್ಕೆ ಅಂಟಿಸಬೇಡಿ.

ಪಕ್ಕದ ಕೇರಳದ ಪರವೂರು, ಚೇಂದಮಂಗಲಂನಲ್ಲಿ ಯಹೂದಿಗಳ ಸಿನಗಾಗ್‌ಗಳಿವೆ. 1950ರ ದಶಕದಲ್ಲಿ ಸಮುದಾಯದ ಬಹುಪಾಲು ಇಸ್ರೇಲಿಗೆ ಹೋಯಿತು. ಈಗ ಆ ಕಟ್ಟಡಗಳು ಆ ಸಮುದಾಯದ ಕಥೆಯನ್ನೇ ಹೇಳುವ ಮ್ಯೂಸಿಯಂಗಳಾಗಿವೆ. ಈ ದಾರಿ ನನಗೆ ಇಷ್ಟ. ಜನ ಹೋದರೂ ಕಟ್ಟಡ ಅವರ ಮಾತನ್ನೇ ಆಡುತ್ತಿದೆ. ಇತ್ತ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಇದಕ್ಕೆ ಉಲ್ಟಾ. ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಚರ್ಚ್ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದೆ. ಅದಕ್ಕೆ ಹೊಸ ಬಳಕೆ ಯಾರೂ ಕೊಡಲಿಲ್ಲ, ಪ್ರವಾಸಿಗರೇ ಕೊಟ್ಟರು. ಕ್ಯಾಮೆರಾ ಹಿಡಿದು ಜನ ಬರುತ್ತಾರೆ, ಗೋಡೆ ಮಾತ್ರ ವರ್ಷ ವರ್ಷ ಕರಗುತ್ತಿದೆ. ಬರುವ ಜನಕ್ಕೂ ಕಟ್ಟಡದ ಆರೋಗ್ಯಕ್ಕೂ ಸಂಬಂಧವೇ ಇಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟಾದ ಮೇಲೆ ನಿಮ್ಮ ನಾಲ್ಕು ಆಯ್ಕೆಗಳಿಗೆ ಬರುತ್ತೇನೆ. ನಾನು ನೋಡುವುದು ಒಂದನ್ನೇ: ಈ ಬಳಕೆ ಕಟ್ಟಡದಿಂದ ಏನು ಕೇಳುತ್ತದೆ?

ಹೋಂಸ್ಟೇ ಬಹಳ ಕೇಳುತ್ತದೆ. ಒಂದೇ ಹಾಲ್ ಇರುವ ಕಡೆ ಕೋಣೆಗಳು ಬೇಕು, ಅಂದರೆ ಅಡ್ಡಗೋಡೆ. ಪ್ರತಿ ಕೋಣೆಗೆ ಬಚ್ಚಲು, ಅಂದರೆ ಹಳೇ ಗೋಡೆಯೊಳಗೆ ನೀರಿನ ಪೈಪು. ಗಾರೆಯ ಗೋಡೆಯಲ್ಲಿ ಪೈಪು ಸೋರಿದರೆ ಗೊತ್ತಾಗುವುದು ಗೋಡೆ ಉಬ್ಬಿದ ಮೇಲೆಯೇ. ಎತ್ತರದ ಜಾಗವನ್ನು ಎರಡು ಅಂತಸ್ತು ಮಾಡಿದರೆ ಕಿಟಕಿಯ ಕಮಾನು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಕಿಟಕಿ ತೆಗೆದರೆ ಸಮಾಧಿ. ಅತಿಥಿಗಳು ರಾತ್ರಿ ಹಾಡು ಹಾಕುತ್ತಾರೆ. ಕೊಡಗಿನಲ್ಲಿ ಹೋಂಸ್ಟೇಗೆ ಬರಗಾಲ ಬಂದಿಲ್ಲ ಅಲ್ವಾ? ಇನ್ನೊಂದು ಹೋಂಸ್ಟೇಗೋಸ್ಕರ ಮತ್ತೆ ಕಟ್ಟಲಾಗದ ಒಂದು ಹಾಲನ್ನು ಒಡೆಯುವುದು ನನಗೆ ಒಪ್ಪಿಗೆ ಇಲ್ಲ. ಇದು ಅಂಕದ ತನಕವೂ ಹೋಗಬಾರದು.

ಕೆಫೆ ಅದಕ್ಕಿಂತ ವಾಸಿ, ಆದರೆ ನೋಡಲು ಇರುವಷ್ಟು ಹಗುರ ಅಲ್ಲ. ಕುರ್ಚಿ, ಮೇಜು ತೊಂದರೆ ಕೊಡುವುದಿಲ್ಲ. ತೊಂದರೆ ಅಡುಗೆಮನೆಯದ್ದು. ಎಣ್ಣೆಯ ಹೊಗೆ ಚಾವಣಿಯ ಮರಕ್ಕೆ, ಬಣ್ಣದ ಗಾಜಿಗೆ ಅಂಟಿಕೊಳ್ಳುತ್ತದೆ. ಹೊಗೆ ಹೋಗಲು ಗೋಡೆಗೆ ತೂತು. ಪಾತ್ರೆ ತೊಳೆದ ನೀರು, ಶೌಚಾಲಯದ ಗುಂಡಿ ಎಲ್ಲಿಗೆ? ಇಳಿಜಾರಿನಲ್ಲಿ ಸಮಾಧಿಗಳು ಕೆಳಗಿದ್ದರೆ ಆ ನೀರು ಹೋಗುವುದು ಅಲ್ಲಿಗೇ. ಮತ್ತೆ ಪಾರ್ಕಿಂಗ್. ಚರ್ಚ್ ಉಳಿಸುತ್ತೇವೆ ಎಂದು ಹೊರಟವರು ಮೊದಲು ತರಿಸುವುದು ಜೆಸಿಬಿಯನ್ನು! ಗುಡ್ಡದ ಬುಡ ಕೊರೆದು ಕಾರು ನಿಲ್ಲಿಸುವ ಜಾಗ ಮಾಡುತ್ತಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದು ಮಣ್ಣು ಹೇಗೆ ಬಂತು ಎಂದು ನಾನು ನಿಮಗೆ ಹೇಳಬೇಕಿಲ್ಲ. ಇಳಿಜಾರು ಕೊರೆಯದೆ ಪಾರ್ಕಿಂಗ್ ಆಗುವುದಿಲ್ಲ ಎಂದಾದರೆ ಕೆಫೆಯೂ ಬೇಡ. ಕೆಫೆ ಮಾಡಲೇಬೇಕೆಂದರೆ ಅಡುಗೆಮನೆ, ಶೌಚಾಲಯ ಎರಡನ್ನೂ ದೂರದ ಹಳೇ ಗೋದಾಮಿನಲ್ಲೋ ಕಣದ ಪಕ್ಕದಲ್ಲೋ ಇಡಿ. ಚರ್ಚಿನೊಳಗೆ ಬರುವುದು ಲೋಟ ಮಾತ್ರ ಇರಲಿ.

ಲೈಬ್ರರಿ ಎಂದಾಗ ಎಲ್ಲರಿಗೂ ಒಳ್ಳೆಯದೆನಿಸುತ್ತದೆ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಮೇಲೆ ಹೇಳಿದ ತೇವದ ಮಾತು ನೆನಪಿರಲಿ. ಪುಸ್ತಕಗಳನ್ನು ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಕಟ್ಟಡದಲ್ಲಿ ಬಿಟ್ಟರೆ ದಸರಾ ಹೊತ್ತಿಗೆ ಬೂಷ್ಟಿನ ವಾಸನೆ ಬರುತ್ತದೆ. ಹಾಗಾಗಿ ಲೈಬ್ರರಿಗಿಂತ ವಾಚನಾಲಯ ಮೇಲು. ಪತ್ರಿಕೆ, ಮಕ್ಕಳ ಪುಸ್ತಕ, ನಾಲ್ಕು ಬೆಂಚು. ಮಳೆಗಾಲಕ್ಕೆ ಪುಸ್ತಕಗಳು ಶಾಲೆಗೆ ಹೋಗಲಿ.

ನೀವು ಬರೆಯದ ಐದನೆಯ ಆಯ್ಕೆ ಒಂದಿದೆ. ಒಳಗೆ ಹೋಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ತಕ್ಷಣ ಸಾಯದೆ ಸ್ವಲ್ಪ ಹೊತ್ತು ನಿಂತರೆ, ಆ ಜಾಗ ಭಾಷಣಕ್ಕೆ ಆಗದು, ಹಾಡಿಗೆ ಹೇಳಿ ಮಾಡಿಸಿದ್ದು. ಊರಿನ ಮಕ್ಕಳ ಹಾಡು, ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್‌ ಅಭ್ಯಾಸ, ಕ್ರಿಸ್‌ಮಸ್ ಕ್ಯಾರಲ್, ವರ್ಷಕ್ಕೆ ನಾಲ್ಕಾರು ಸಂಗೀತ ಸಂಜೆ. ಇದು ಕಟ್ಟಡದಿಂದ ಏನನ್ನೂ ಕೇಳುವುದಿಲ್ಲ. ದುಡ್ಡು ಬರುವುದಿಲ್ಲ ಎನ್ನುತ್ತೀರಿ. ನಿಜ. ದುಡ್ಡಿನ ಮಾತು ಮುಂದೆ ಇದೆ.

ಈಗ ಅಂಕಪಟ್ಟಿ. ಇಂಥ ತೀರ್ಮಾನಕ್ಕೆ ಲೆಕ್ಕದ ವಿಧಾನಗಳು ಬೇಕಾದಷ್ಟಿವೆ. 1970ರ ದಶಕದಲ್ಲಿ ಥಾಮಸ್ ಸಾಟಿ ಎಂಬ ಗಣಿತಜ್ಞ ರೂಪಿಸಿದ ಅನಲಿಟಿಕ್ ಹೈರಾರ್ಕಿ ಪ್ರೊಸೆಸ್ ಅಂದರೆ ಎಎಚ್‌ಪಿ ವಿಧಾನವನ್ನು ಹಳೇ ಕಟ್ಟಡಗಳ ಮರುಬಳಕೆಯಲ್ಲಿ ತುಂಬ ಬಳಸುತ್ತಾರೆ. ಅದರಲ್ಲಿ ಎಲ್ಲ ಅಂಶಗಳಿಗೂ ಒಟ್ಟಿಗೆ ಅಂಕ ಕೊಡುವುದಿಲ್ಲ. ಎರಡೆರಡನ್ನೇ ಎದುರುಬದುರು ಇಟ್ಟು ಯಾವುದು ಹೆಚ್ಚು ಮುಖ್ಯ, ಎಷ್ಟು ಹೆಚ್ಚು ಎಂದು 1ರಿಂದ 9ರವರೆಗೆ ಹೇಳಬೇಕು. ಆದಾಯ ಮುಖ್ಯವೋ, ಸಮಾಧಿಗಳ ಮರ್ಯಾದೆ ಮುಖ್ಯವೋ? ಉತ್ತರಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಲೆಕ್ಕವೇ ಹೇಳಿಬಿಡುತ್ತದೆ. ತಾಳೆ ತಪ್ಪಿದ ಪ್ರಮಾಣ 0.10ಕ್ಕಿಂತ ಹೆಚ್ಚಾದರೆ ಮತ್ತೆ ಕೂತು ಯೋಚಿಸಿ ಎಂಬುದು ನಿಯಮ. ನಿಮ್ಮ ಯುವಕನಿಗೆ ಇದು ಇಷ್ಟವಾಗಬಹುದು.

ಆದರೆ ಲೆಕ್ಕ ಎಷ್ಟೇ ನಯವಾಗಿದ್ದರೂ, ಏನನ್ನು ಸಾಲಾಗಿ ಬರೆದಿರಿ ಎಂಬುದೇ ಉತ್ತರವನ್ನು ತೀರ್ಮಾನ ಮಾಡಿಬಿಡುತ್ತದೆ. ನಿಮ್ಮ ಪಟ್ಟಿ ನನ್ನ ಕೈಯಲ್ಲಿಲ್ಲ, ಸುಮ್ನೆ ಒಂದು ಉದಾಹರಣೆ ಹಾಕಿಕೊಳ್ಳೋಣ. ನಾಲ್ಕು ಅಂಶ, ಪ್ರತಿಯೊಂದಕ್ಕೂ ಹತ್ತು ಅಂಕ. ಕೆಫೆಗೆ ಆದಾಯದಲ್ಲಿ 9, ಪ್ರವಾಸಿಗರಲ್ಲಿ 9, ಕಟ್ಟಡದ ಕ್ಷೇಮದಲ್ಲಿ 3, ಸಮಾಧಿಗಳ ಮರ್ಯಾದೆಯಲ್ಲಿ 2. ಒಟ್ಟು 23. ವಾಚನಾಲಯಕ್ಕೆ ಅದೇ ಸಾಲಿನಲ್ಲಿ 2, 4, 8, 8. ಒಟ್ಟು 22. ಕೆಫೆ ಗೆದ್ದಿತು. ಆದರೆ ಪ್ರವಾಸಿಗರು ಬಂದರೆ ತಾನೇ ಆದಾಯ? ಒಂದೇ ಸಂಗತಿಗೆ ಎರಡು ಸಲ ಅಂಕ ಬಿದ್ದಿದೆ. ಎರಡನ್ನೂ ಸೇರಿಸಿ ಸರಾಸರಿ ತೆಗೆದು ಒಂದೇ ಸಾಲು ಮಾಡಿ. ಕೆಫೆಗೆ 9, 3, 2, ಒಟ್ಟು 14. ವಾಚನಾಲಯಕ್ಕೆ 3, 8, 8, ಒಟ್ಟು 19. ಕಟ್ಟಡ ಬದಲಾಗಲಿಲ್ಲ, ಊರೂ ಬದಲಾಗಲಿಲ್ಲ, ಸಾಲು ಒಂದು ಕಡಿಮೆಯಾಯಿತು ಅಷ್ಟೇ. ನಿಮ್ಮ ಹತ್ತೋ ಹನ್ನೆರಡೋ ಸಾಲುಗಳಲ್ಲಿ ಉದ್ಯೋಗ, ಪ್ರವಾಸ, ಆದಾಯ, ಊರಿನ ಅಭಿವೃದ್ಧಿ ಅಂತ ಒಂದೇ ದುಡ್ಡು ನಾಲ್ಕು ವೇಷದಲ್ಲಿ ಕೂತಿದೆಯಾ ನೋಡಿ.

ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಪ್ರತಿ ಅಂಶದ ತೂಕವನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಮಾಡಿ ಮತ್ತೆ ಲೆಕ್ಕ ಹಾಕಿ. ಆಗಲೂ ಅದೇ ಆಯ್ಕೆ ಗೆದ್ದರೆ ಫಲಿತಾಂಶ ಗಟ್ಟಿ. ಅಷ್ಟಕ್ಕೇ ಸ್ಥಾನ ಬದಲಾದರೆ ಎರಡೂ ಸರಿಸಮ ಎಂದು ತಿಳಿದು, ಅಂಕ ಬಿಟ್ಟು ಕೂತು ಮಾತಾಡಿ. ಅಂಕವನ್ನು ಯಾರು ಕೊಟ್ಟರು ಎಂಬುದೂ ಪಟ್ಟಿಯಲ್ಲಿರಲಿ. ತೋಟದವರು, ಲೈನಿನವರು, ಕ್ರೈಸ್ತ ಸಭೆಯವರು ಬೇರೆ ಬೇರೆಯಾಗಿ ಕೊಡಲಿ. ಮೂರನ್ನೂ ಕೂಡಿಸಬೇಡಿ. ಎಲ್ಲಿ ವ್ಯತ್ಯಾಸ ದೊಡ್ಡದಿದೆಯೋ ಅಲ್ಲಿ ಮಾತುಕತೆ ಬೇಕಾಗಿದೆ ಎಂದರ್ಥ.

ಕಟ್ಟಡದ ಕ್ಷೇಮ ಎಂದೆನಲ್ಲ, ಅದನ್ನು ಅಳೆಯುವುದು ಹೇಗೆ? ಮೊದಲು ಇವತ್ತಿನ ಸ್ಥಿತಿ ದಾಖಲಾಗಬೇಕು. ನಾಲ್ಕೂ ಗೋಡೆಯ ಫೋಟೋ, ಅಳತೆಯ ನಕ್ಷೆ, ಪ್ರತಿ ಬಿರುಕಿನ ಎರಡು ತುದಿಗೆ ತಾರೀಕು ಹಾಕಿದ ಗುರುತು, ತೇವ ನೆಲದಿಂದ ಎಷ್ಟು ಎತ್ತರ ಏರಿದೆ ಎಂಬ ಗುರುತು. ಇದಿಲ್ಲದೆ ಐದು ವರ್ಷದ ಮೇಲೆ ಹೊಸ ಬಳಕೆಯಿಂದ ಒಳ್ಳೆಯದಾಯಿತಾ ಕೆಟ್ಟದ್ದಾಯಿತಾ ಎಂದು ಹೇಳಲು ಆಗುವುದೇ ಇಲ್ಲ. ಉದ್ಘಾಟನೆಯ ದಿನ ಎಲ್ಲ ಕಟ್ಟಡವೂ ಚೆಂದವೇ. ಅಂಕ ಕೊಡಬೇಕಾದದ್ದು ಒಂದು ಮಳೆಗಾಲ ಕಳೆದ ಮೇಲೆ ಒಮ್ಮೆ, ಐದು ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ.

ಪಾಚಿ ಹತ್ತಿದ ಗೋಡೆಗೆ ಯಾರೋ ಮೇಸ್ತ್ರಿ ಸಿಮೆಂಟ್ ಪ್ಲಾಸ್ಟರ್ ಮಾಡಿಕೊಡುತ್ತೇನೆ ಎನ್ನುತ್ತಾನೆ. ಒಪ್ಪಬೇಡಿ. ಹಳೇ ಗೋಡೆ ಸುಣ್ಣದ ಗಾರೆಯದ್ದು. ಅದು ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಕುಡಿದ ನೀರು ಒಳಗೇ ಉಳಿಯುತ್ತದೆ, ಉಪ್ಪು ಕಟ್ಟುತ್ತದೆ, ಎರಡು ಮೂರು ವರ್ಷದಲ್ಲಿ ಪ್ಲಾಸ್ಟರ್ ಗೋಡೆಯ ಮೈಯನ್ನೂ ಕಿತ್ತುಕೊಂಡು ಉದುರುತ್ತದೆ. ಸುಣ್ಣದ ಕೆಲಸ ಗೊತ್ತಿರುವವರನ್ನೇ ಹುಡುಕಿ. ಬಣ್ಣದ ಗಾಜು ಉಳಿದಿದ್ದರೆ, ರಕ್ಷಣೆ ಎಂದು ಹೊರಗೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊಡೆಯಬೇಡಿ, ನಡುವೆ ತೇವ ಕೂತು ಸೀಸದ ಪಟ್ಟಿ ಹಾಳಾಗುತ್ತದೆ. ಗಾಳಿಯಾಡಲು ಜಾಗ ಬಿಡಿ. ವೈರಿಂಗ್ ಗೋಡೆಯ ಮೇಲೆಯೇ ಹೋಗಲಿ, ಮೊಳೆ ಕಲ್ಲಿಗೆ ಬೇಡ, ಸಂದಿನ ಗಾರೆಗೆ ಹೊಡೆಯಿರಿ.

ದುಡ್ಡು. ಕಟ್ಟಡಕ್ಕೆ ಬೇಕಾದದ್ದು ಲಾಭವಲ್ಲ, ಪ್ರತಿ ವರ್ಷ ಮೇ ತಿಂಗಳಲ್ಲಿ ಯಾರಾದರೂ ಚಾವಣಿ ಹತ್ತಬೇಕು. ಒಡೆದ ಹೆಂಚು ಬದಲಿಸಬೇಕು, ಚಾವಣಿಯ ನೀರು ಹರಿಯುವ ದೋಣಿಯಲ್ಲಿ ಬಿದ್ದ ಸಿಲ್ವರ್ ಓಕ್ ಎಲೆ ತೆಗೆಯಬೇಕು, ಗೆದ್ದಲು ನೋಡಬೇಕು. ಆ ಖರ್ಚು ಎಷ್ಟು ಎಂದು ಮೊದಲು ಲೆಕ್ಕ ಹಾಕಿ, ಅಷ್ಟು ತರುವ ಬಳಕೆ ಸಾಕು. ಅದಕ್ಕಿಂತ ಹೆಚ್ಚು ತರುವ ಬಳಕೆ ಬಹಳ ಸಲ ಕಟ್ಟಡದ ಮೈಯಿಂದಲೇ ಅದನ್ನು ಕೀಳುತ್ತದೆ. ಸಂಗೀತ ಸಂಜೆ, ವಾಚನಾಲಯದಿಂದ ಅಷ್ಟೂ ಬರುವುದಿಲ್ಲ ಎಂದಾದರೆ ತೋಟದ ಕಡೆಯಿಂದ ವರ್ಷಕ್ಕೆ ಇಷ್ಟು ಎಂದು ಬರೆದುಕೊಡಿ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಒಂದಿಷ್ಟನ್ನು ಬ್ಯಾಂಕಿನಲ್ಲಿ ನಿಧಿ ಮಾಡಿಟ್ಟರೆ ಕೆಟ್ಟ ವರ್ಷಕ್ಕೆ ಆಗುತ್ತದೆ. ಮಡಿಕೇರಿ ಅರಮನೆಯಲ್ಲಿ ಬಹಳ ಕಾಲ ಸರ್ಕಾರಿ ಕಚೇರಿಗಳಿದ್ದವು. ಬಳಕೆಯಲ್ಲಿದ್ದರೂ ಚಾವಣಿ ಸೋರಿತು. ಬಳಸುವವನೇ ಬೇರೆ, ರಿಪೇರಿ ಮಾಡುವವನೇ ಬೇರೆ ಆದರೆ ಹೀಗೇ. ಯಾರಿಗೆ ಬಾಡಿಗೆಗೆ ಕೊಟ್ಟರೂ ಚಾವಣಿಯ ಜವಾಬ್ದಾರಿ ಯಾರದ್ದು ಎಂದು ಕರಾರಿನ ಮೊದಲ ಪುಟದಲ್ಲೇ ಬರಲಿ. ಕರಾರು ಮೂರು ವರ್ಷಕ್ಕಿಂತ ಜಾಸ್ತಿ ಬೇಡ. ಹೋಗುವಾಗ ತಾವು ಸೇರಿಸಿದ್ದೆಲ್ಲ ತೆಗೆದುಕೊಂಡು ಹೋಗಬೇಕು, ಅದಕ್ಕೆ ಮುಂಗಡ ಠೇವಣಿ ಇರಲಿ. ಸಮಾಧಿಗಳಿಗೆ ಬರುವವರಿಗೆ ಯಾವ ದಿನವೂ ಗೇಟು ಮುಚ್ಚುವಂತಿಲ್ಲ ಎಂಬುದೂ ಅದರಲ್ಲಿ ಬರಲಿ. ಅಜ್ಜನ ಅಜ್ಜನ ಹೆಸರು ಹುಡುಕಿಕೊಂಡು ಹೊರದೇಶದಿಂದಲೂ ಜನ ಬರುತ್ತಾರೆ. ಅವರು ಕಾಫಿ ಕೊಂಡುಕೊಳ್ಳಲೇಬೇಕು ಎಂಬಂತಾಗಬಾರದು.

ನನ್ನನ್ನೇ ಕೇಳಿದರೆ ಹೋಂಸ್ಟೇ ಕೈಬಿಡಿ, ಕೆಫೆಯನ್ನು ಸದ್ಯಕ್ಕೆ ಮುಂದೂಡಿ. ಹಾಡು ಮತ್ತು ವಾಚನಾಲಯ ಸೇರಿಸಿ ಒಂದು ವರ್ಷ ನಡೆಸಿ ನೋಡಿ. ಇದಕ್ಕೆ ಬೆಂಚು, ದೀಪ ಬಿಟ್ಟರೆ ಏನೂ ಬೇಡ. ಧರ್ಮಪ್ರಾಂತ್ಯ ಒಪ್ಪಿದರೆ ವರ್ಷಕ್ಕೊಮ್ಮೆ ಆರಾಧನೆಯೂ ನಡೆಯಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಆ ವರ್ಷದಲ್ಲಿ ಎಷ್ಟು ಮಕ್ಕಳು ಬಂದರು, ಲೈನಿನವರು ಬಂದರಾ, ತೇವದ ಗುರುತು ಏರಿತಾ ಇಳಿಯಿತಾ ಎಂದು ಬರೆದಿಡಿ. ಕೆಫೆ ಬೇಕೇ ಎಂಬ ಮಾತನ್ನು ಆಗ ತೆಗೆಯಬಹುದು. ಆಗ ನಿಮ್ಮ ಯುವಕನ ಪಟ್ಟಿಯಲ್ಲಿ ಊಹೆಯ ಅಂಕಗಳ ಜಾಗಕ್ಕೆ ನೋಡಿ ಬರೆದ ಸಂಖ್ಯೆಗಳಿರುತ್ತವೆ.

ಮಳೆ ಹಿಡಿಯುವ ಮೊದಲು ಮಾತ್ರ ಒಂದು ಕೆಲಸ ಆಗಲಿ. ಚಾವಣಿಗೆ ತಾತ್ಕಾಲಿಕವಾಗಿ ತಗಡಿನ ಹೊದಿಕೆ ಹಾಕಿಸಿ. ಬದಿಗಳನ್ನು ಮುಚ್ಚಬೇಡಿ, ಗಾಳಿಯಾಡಲಿ. ಟಾರ್ಪಾಲು ಬಿಗಿದರೆ ಒಳಗೆ ಬೆವರುತ್ತದೆ. ಬಿದ್ದ ಹೆಂಚುಗಳಲ್ಲಿ ಗಟ್ಟಿಯಾದವನ್ನು ಆರಿಸಿ ಒಂದು ಮೂಲೆಯಲ್ಲಿ ಜೋಡಿಸಿಡಿ. ಹೆಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಅಚ್ಚು ಇದ್ದರೆ ಫೋಟೋ ತೆಗೆದುಕೊಳ್ಳಿ, ಅದೇ ಅಳತೆಯ ಹಳೇ ಹೆಂಚು ಯಾರ ಮನೆ ಕೆಡವಿದಾಗಲಾದರೂ ಸಿಗುತ್ತದೆ.